ತಂಪಿನಲ್ಲಿ ಮರಿಯಾಗುವ ಮೊಟ್ಟೆಗೆ ‘ಕಾವು’ ಎನ್ನಬಹುದೇ?

ಬಲ್ಲವರಿಗೆ ನಮಸ್ಕಾರ.

ಮಡಗಾಸ್ಕರ್ ದ್ವೀಪದ ಎಲೆಬಾಲದ ಹಲ್ಲಿಗಳನ್ನು, ಅಂದರೆ ಯೂರೋಪ್ಲಾಟಸ್ ಕುಲದ ಹಲ್ಲಿಗಳನ್ನು, ಕಾಡಿನಂತೆಯೇ ಗಿಡ, ಬಳ್ಳಿ, ಪಾಚಿ ಬೆಳೆಸಿದ ಗಾಜಿನ ಗೂಡುಗಳಲ್ಲಿ ಸಾಕಿ ಮರಿಮಾಡಿಸುವ ಕ್ರಮದ ಬಗ್ಗೆ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ನಾನು ಸಕಲೇಶಪುರದ ಕಡೆಯವನಾದ್ದರಿಂದ ಬೇಕಾದ ಪದಗಳಲ್ಲಿ ಹೆಚ್ಚಿನವು ಊರ ಮಾತಿನಲ್ಲೇ ದೊರೆತವು. ಗೂಡಿನ ತಳಕ್ಕೆ ಹರಡುವ ಒಣ ಎಲೆಗೆ ‘ತರಗು’, ಹಲ್ಲಿಯು ಹಳೆಯ ಚರ್ಮ ಕಳಚುವುದಕ್ಕೆ ‘ಪೊರೆ ಬಿಡುವುದು’ ಎಂದು ಬರೆದಿದ್ದೇನೆ. ಹಗಲಿನಲ್ಲಿ ಮರದ ತೊಗಟೆಗೆ ಒತ್ತಿಕೊಂಡು ಮಲಗುವ ದೊಡ್ಡ ಜಾತಿಗಳಲ್ಲಿ ದವಡೆ ಮತ್ತು ಪಕ್ಕೆಗಳ ಅಂಚಿಗೆ ಚರ್ಮದ ಪಟ್ಟಿಯೊಂದಿದ್ದು, ಅದು ದೇಹದ ನೆರಳು ಕಾಣದಂತೆ ಮಾಡುತ್ತದೆ. ಅದಕ್ಕೆ ‘ಜಾಲರಿ’ ಎಂಬುದು ಚೆನ್ನಾಗಿ ಒಪ್ಪುತ್ತದೆ.

ತೊಡಕಾಗಿರುವುದು ‘ಕಾವು’ ಎಂಬ ಪದ. ಹೆಣ್ಣು ಹಲ್ಲಿ ಸಾಮಾನ್ಯವಾಗಿ ಒಂದು ಸಲಕ್ಕೆ ಎರಡು ಮೊಟ್ಟೆಗಳನ್ನು ತರಗಿನ ಅಡಿಯಲ್ಲಿಟ್ಟು ಹೊರಟುಹೋಗುತ್ತದೆ; ಮತ್ತೆ ಅತ್ತ ತಿರುಗಿ ನೋಡುವುದಿಲ್ಲ. ಸಾಕುವವರು ಆ ಮೊಟ್ಟೆಗಳನ್ನು ತೇವವಿರುವ ಸಣ್ಣ ಡಬ್ಬಿಯಲ್ಲಿಟ್ಟು, ಸುಮಾರು 20ರಿಂದ 24 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಎರಡು, ಮೂರು ತಿಂಗಳು, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಕಾಪಾಡುತ್ತಾರೆ. ಬಿಸಿ ಏರಿದರೆ ಒಳಗಿನ ಮರಿ ಸಾಯುವ ಅಪಾಯವಿದೆ. ಏಪ್ರಿಲ್ ತಿಂಗಳ ಅರಸೀಕೆರೆಯಂತಹ ಬಯಲುಸೀಮೆಯಲ್ಲಿ ಈ ಮೊಟ್ಟೆ ಉಳಿಯಬೇಕಾದರೆ ಪೆಟ್ಟಿಗೆಯನ್ನು ತಂಪು ಮಾಡಲೇಬೇಕು. ಆಗ ‘ಕಾವುಪೆಟ್ಟಿಗೆಯನ್ನು ತಂಪಾಗಿಡಿ’ ಎಂದು ಬರೆಯಬೇಕಾಗುತ್ತದೆ. ಮೊದಲ ಸಲ ಓದುವವರು ದೀಪ ಹಚ್ಚಿ ಬಿಸಿ ಮಾಡಿಬಿಟ್ಟಾರೆಂಬ ಭಯ ನನಗಿದೆ.

‘ಕಾಯು’ ಎಂಬುದಕ್ಕೆ ನಮ್ಮಲ್ಲಿ ಬಿಸಿಯಾಗು ಎಂಬ ಅರ್ಥವೂ ರಕ್ಷಿಸು ಎಂಬ ಅರ್ಥವೂ ಇವೆ. ಕಾವಿಗೆ ಕೂತ ಕೋಳಿ ಎರಡನ್ನೂ ಮಾಡುತ್ತದೆ. ನಮ್ಮ ಮಲೆನಾಡಿನ ಕಾಳಿಂಗ ಸರ್ಪವೂ ತರಗನ್ನು ಒಟ್ಟಿ ಗೂಡು ಕಟ್ಟಿ, ಮೊಟ್ಟೆಯಿಟ್ಟು, ಅದರ ಮೇಲೆಯೇ ಕಾವಲಿರುತ್ತದೆ; ಕೊಳೆಯುವ ಎಲೆಗಳಿಂದ ಮೊಟ್ಟೆಗಳಿಗೆ ಬೆಚ್ಚಗಿನ ಆಸರೆಯೂ ದೊರೆಯುತ್ತದೆ. ಅಲ್ಲಿ ‘ಕಾವು’ ಎಂದರೆ ಯಾರೂ ಆಕ್ಷೇಪಿಸಲಾರರು. ಎಲೆಬಾಲದ ಹಲ್ಲಿಯ ವಿಷಯದಲ್ಲಿ ತಾಯಿಯ ಕಾವಲೂ ಇಲ್ಲ, ಬಿಸಿಯೂ ಬೇಡ.

ಬದಲಿಗೆ ‘ಮೊಟ್ಟೆ ಬಲಿಯುವ ಅವಧಿ’ ಎಂದು ಬರೆದು ನೋಡಿದೆ. ಕಾಯಿ ಬಲಿಯುವುದು ಎಲ್ಲರಿಗೂ ಗೊತ್ತಿರುವ ಮಾತು, ಉಷ್ಣತೆಯ ಸುಳಿವೂ ಅದರಲ್ಲಿಲ್ಲ. ಆದರೆ ಅದು ತಾನಾಗಿ ನಡೆಯುವ ಕ್ರಿಯೆ. ಡಬ್ಬಿಯನ್ನು ದಿನವೂ ನೋಡಿ, ತೇವ ಆರದಂತೆ, ಬೂಸ್ಟು ಹಿಡಿಯದಂತೆ ಕಾಪಾಡುವ ಮನುಷ್ಯನ ಕೆಲಸ ಅದರಲ್ಲಿ ಅಡಗುವುದಿಲ್ಲ. ‘ಪಾಲನೆ’ ತೀರಾ ಸಡಿಲ. ಸಂಸ್ಕೃತದಿಂದ ಹೊಸ ಪದ ಕಟ್ಟುವುದು ನನಗೆ ಇಷ್ಟವಿಲ್ಲ, ಏಕೆಂದರೆ ಕೈಪಿಡಿಯನ್ನು ಓದುವವರು ಅದನ್ನು ಕೈಯಲ್ಲಿ ಹಿಡಿದು ಕೆಲಸ ಮಾಡುವವರು. (ಈ ಹಲ್ಲಿಗಳು 2005ರಿಂದ ಸೈಟಿಸ್ ಒಪ್ಪಂದದ (ಕಾಡುಪ್ರಾಣಿ, ಸಸ್ಯಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಒಪ್ಪಂದದ) ಎರಡನೆಯ ಅನುಬಂಧದಲ್ಲಿದ್ದು, 2022ರಲ್ಲಿ ತಿದ್ದುಪಡಿಯಾದ ನಮ್ಮ ವನ್ಯಜೀವಿ ಕಾಯ್ದೆಯ ಪ್ರಕಾರ ಇಂತಹ ಪ್ರಾಣಿ ಮತ್ತು ಅದರ ಮರಿಗಳನ್ನು ನೋಂದಾಯಿಸಬೇಕಾಗುತ್ತದೆ. ಆದ್ದರಿಂದ ‘ಮರಿಯಾದ ದಿನ’ ಎಂಬುದನ್ನಾದರೂ ಗೊಂದಲವಿಲ್ಲದ ಮಾತಿನಲ್ಲಿ ಹೇಳಲೇಬೇಕು.)

ಸದ್ಯಕ್ಕೆ ನನ್ನ ಒಲವು ‘ಕಾಪಿಡುವುದು’ ಎಂಬುದರತ್ತ ಇದೆ. ರಕ್ಷಣೆಯ ಅರ್ಥ ಉಳಿದು, ಬಿಸಿಯ ಅರ್ಥ ಬಿಟ್ಟುಹೋಗುತ್ತದೆ. ಆದರೂ ಬಳಕೆಯಲ್ಲಿರುವ ಮಾತೊಂದು ಸಿಕ್ಕರೆ ಇದನ್ನು ಸಂತೋಷದಿಂದ ಕೈಬಿಡುತ್ತೇನೆ. ಚನ್ನರಾಯಪಟ್ಟಣದ ಸುತ್ತ ರೇಷ್ಮೆ ಸಾಕುವವರಿದ್ದಾರೆ. ರೇಷ್ಮೆ ಮೊಟ್ಟೆಯನ್ನೂ ಸುಮಾರು 25 ಡಿಗ್ರಿಯಲ್ಲಿ, ಶೇ. 80ರಷ್ಟು ತೇವಾಂಶದಲ್ಲಿಯೇ ಇಡುತ್ತಾರೆ. ಆ ದಿನಗಳ ಆರೈಕೆಗೆ ಅವರು ಇಲಾಖೆಯ ಪುಸ್ತಕದ ಮಾತಲ್ಲದೆ ಮನೆಯೊಳಗೆ ಯಾವ ಪದ ಆಡುತ್ತಾರೆ? ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆಯವರು ಮಣ್ಣಿನಲ್ಲಿ ತಾನಾಗಿ ಮರಿಯಾಗುವ ಓತಿಕ್ಯಾತದ ಮೊಟ್ಟೆಗೆ ಬೇರೆ ಕ್ರಿಯಾಪದ ಬಳಸುವುದುಂಟೇ? ಬಳಸುವ ವಾಕ್ಯದ ಸಮೇತ ತಿಳಿಸಿದರೆ ಬಹಳ ಉಪಕಾರವಾಗುತ್ತದೆ.