ಈ ವಾರದ ಸಮಸ್ಯೆ: ‘ಗಿಡದಲಿ ಬೆಕ್ಕಿನ ಮೊಗಗಳು ನಗುತಿವೆ ನೋಡೈ’

ತುಂಬೆಹೂ: ಸಾಲು ಮೇಲಿದೆ. ಪ್ಯಾನ್ಸಿ ಹೂವು ನೋಡುತ್ತಾ ಕೂತಾಗ ಹೊಳೆದದ್ದು. ಇದೇ ಕೊನೆಯ ಸಾಲಾಗುವಂತೆ ಪದ್ಯ ಪೂರ್ತಿ ಮಾಡಿ. ಕಂದದಲ್ಲೇ ಬರಲಿ, ಅಂದರೆ ನಾಲ್ಕು ನಾಲ್ಕು ಮಾತ್ರೆಯ (ಉಚ್ಚಾರದ ಅಳತೆ) ಗಣಗಳಿರುವ ನಾಲ್ಕು ಸಾಲಿನ ಪದ್ಯ.

ಹೊಸಮೊಗ್ಗು:
ನಡುವಲಿ ಹಳದಿಯ ಮೂಗಿದೆ
ಬಿಡಿಬಿಡಿ ಕಪ್ಪನೆ ಗೆರೆಗಳೆ ಮೀಸೆಗಳಾಗಲ್
ಮುಡಿಯೆರಡೆಸಳೇ ಕಿವಿಗಳು
ಗಿಡದಲಿ ಬೆಕ್ಕಿನ ಮೊಗಗಳು ನಗುತಿವೆ ನೋಡೈ

ಓಲೆಗರಿ: ಚೆನ್ನಾಗಿದೆ. ಕಿವಿ ಸರಿಯಾದ ಜಾಗದಲ್ಲಿದೆ.

ಮಳೆಬಿಲ್ಲು: ನನ್ನದು:
ಎಡೆಬಿಡದರಳಿದ ಪ್ಯಾನ್ಸಿಯ
ಕಡುನೇರಳೆ ಮಚ್ಚೆ ಕಂಡು ನಾಯ್ ಬೊಗಳಿತಲಾ!
ಬಡಪಾಯಿಗೆ ಕಂಡದ್ದಿದು:
ಗಿಡದಲಿ ಬೆಕ್ಕಿನ ಮೊಗಗಳು ನಗುತಿವೆ ನೋಡೈ

ಲಘುಗುರು: ಮೊದಲ ಸಾಲಲ್ಲೇ ಎಡವಿದ್ದೀರಿ. ‘ಅರಳಿದ ಪ್ಯಾನ್ಸಿಯ’. ಮುಂದೆ ಒತ್ತಕ್ಷರ ಇರುವಾಗ ಆ ‘ದ’ ಒಂದು ಮಾತ್ರೆಯ ಲಘು ಹೋಗಿ ಎರಡು ಮಾತ್ರೆಯ ಗುರು ಆಗಲ್ವಾ? ನಾಲ್ಕಿರಬೇಕಾದ ಗಣಕ್ಕೆ ಐದು ಮಾತ್ರೆ ಆಯ್ತು.

ಮಳೆಬಿಲ್ಲು: ಬಂದೇ ಬರ್ತೀರಿ ಅಂತ ಗೊತ್ತಿತ್ತು ರಾಯರೇ. ಗಟ್ಟಿಯಾಗಿ ಓದಿ ನೋಡಿ. ‘ಪ್ಯಾ’ದಲ್ಲಿ ಯಕಾರ ಎಲ್ಲಿ ಕೇಳುತ್ತೆ? ಅದು ಬರೀ ಸ್ವರ. ಬರೆಯೋಕೆ ಬೇರೆ ಅಕ್ಷರ ಇಲ್ಲ ಅಂತ ಯ ಒತ್ತು ಹಾಕ್ತೀವಿ, ಅಷ್ಟೇ. ‘ಹೋದ ಪ್ಯಾಟೆಗೆ’ ಅನ್ನುವಾಗ ಯಾರಾದರೂ ‘ದ’ ಮೇಲೆ ನಿಲ್ತಾರಾ?

ಲಘುಗುರು: ಕಣ್ಣೆದುರಿಗಿರುವ ಒತ್ತಕ್ಷರ ಇಲ್ಲವೇ ಇಲ್ಲ ಅಂದರೆ ಹೇಗೆ? ಇವತ್ತು ಪ್ಯಾನ್ಸಿ. ನಾಳೆ ‘ವ್ಯಾಪಾರ’ವನ್ನೂ ಹೀಗೇ ಹಗುರ ಮಾಡ್ತೀರಿ.

ಮಳೆಬಿಲ್ಲು: ವ್ಯಾಪಾರದ ಯಕಾರ ಬಾಯಲ್ಲಿದೆ. ಪ್ಯಾನ್ಸಿಯದ್ದು ಕಾಗದದ ಮೇಲೆ ಮಾತ್ರ. ಅಂದಹಾಗೆ ‘ಕುಳಿತನು ಟ್ರೈನಲಿ’ ಯಾರ ಪದ್ಯ? ಅಲ್ಲಿ ‘ನು’ವನ್ನ ಲಘು ಅಂತಲೇ ಎಣಿಸಿದ್ದಿರಿ.

ಲಘುಗುರು: ಅದು ಹಳೇ ಪದ್ಯ. ತಪ್ಪು ಅಂತ ಅವತ್ತೇ ಒಪ್ಪಿ ತಿದ್ದಿದ್ದೇನೆ. ನೀವೂ ತಿದ್ದಿ. ‘ಎಡೆಬಿಡದರಳಿದ ಹೂಗಳ’ ಅಂದರೆ ಮುಗೀತು.

ಮಳೆಬಿಲ್ಲು: ಹೂಗಳ ಅಂದರೆ ದಾಸವಾಳವೂ ಆಗುತ್ತೆ. ಹೆಸರು ನನಗೆ ಬೇಕೇ ಬೇಕು. ಫ್ರೆಂಚಿನಲ್ಲಿ ‘ಯೋಚನೆ’ ಅನ್ನುವ ಪದದಿಂದ ಬಂದ ಹೆಸರು ಅದು. ಹೂವು ಕತ್ತು ಬಗ್ಗಿಸಿ ನಿಂತಿರೋದು ನೋಡಿದರೆ ಹಾಗೇ ಅನ್ಸುತ್ತೆ.

ತುಂಬೆಹೂ: ಹೆಸರಿನ ಮಾತು ಬಂತು ಅಂತ ಹೇಳ್ತೀನಿ. ಜರ್ಮನಿಯಲ್ಲಿ ಇದಕ್ಕೆ ‘ಪುಟ್ಟ ಮಲತಾಯಿ’ ಅಂತಾರೆ. ಒಂದು ಹೂವು ಕಿತ್ತು ಹಿಂದಕ್ಕೆ ತಿರುಗಿಸಿ. ಎಸಳು ಐದು, ಹಿಂದಿನ ಹಸಿರು ಪುಷ್ಪಪತ್ರವೂ ಐದು. ಆ ಪುಷ್ಪಪತ್ರಗಳೇ ಕುರ್ಚಿಗಳು ಅಂದುಕೊಳ್ಳಿ. ಕೆಳಗಿನ ದೊಡ್ಡ ಎಸಳೇ ಮಲತಾಯಿ. ಎರಡು ಕುರ್ಚಿ ಅವಳೊಬ್ಬಳಿಗೇ! ಅಕ್ಕಪಕ್ಕದ ಸ್ವಂತ ಹೆಣ್ಣುಮಕ್ಕಳಿಗೆ ಒಂದೊಂದು. ಮೇಲಿನ ಇಬ್ಬರು ಮಲಮಕ್ಕಳು ಒಂದೇ ಕುರ್ಚಿಯಲ್ಲಿ ಒತ್ತಿಕೊಂಡು ಕೂರಬೇಕು. ನಾನು ಎಣಿಸಿ ನೋಡಿದೆ, ಹಾಗೇ ಇದೆ. ಪಾಪ ಅನ್ನಿಸಿತು.

ಓಲೆಗರಿ: ಅಕ್ಕಾ, ನನಗೆ ಇದರಲ್ಲಿ ಕಾಣೋದು ಕೋತಿ. ‘ಕೋತಿಯ ಮೊಗಗಳು’ ಅಂದರೂ ಗಣ ಕೂಡುತ್ತೆ.

ತುಂಬೆಹೂ: ಕೊಟ್ಟ ಸಾಲು ಮುಟ್ಟಬೇಡಿ.

ಓಲೆಗರಿ: ಸರಿ. ಆದರೆ ಒಬ್ಬರು ಗೆರೆ ಅಂತಾರೆ, ಇನ್ನೊಬ್ಬರು ಮಚ್ಚೆ ಅಂತಾರೆ. ಯಾವುದು ನಿಜ?

ತುಂಬೆಹೂ: ಎರಡೂ. ಮೊದಲು ಇದ್ದದ್ದು ಸಣ್ಣ ಗೆರೆಗಳು ಮಾತ್ರ. ಅಗಲವಾದ ಮಚ್ಚೆಯ ‘ಮೆಡೋರಾ’ ತಳಿ ಬಂದದ್ದು 1839ರ ಸುಮಾರಿಗೆ, ಇಂಗ್ಲೆಂಡಿನ ತೋಟಗಾರ ವಿಲಿಯಂ ಥಾಮ್ಸನ್ ಕೈಯಲ್ಲಿ. ಮುಖ ಮೂಡಿದ್ದು ಆಮೇಲೆ.

ಲಘುಗುರು: ಆ ಹೆಸರು ಹಾಕದೆಯೂ ಹೂವು ಕಾಣುತ್ತೆ. ನೋಡಿ:
ಒಡಲಿನ ಜೇನಿಗೆ ಗೆರೆಯೇ
ನಡೆವಾ ಹಾದಿಯಿದೆನುತ್ತ ದುಂಬಿಗಳಿಳಿಯಲ್
ಬಿಡು, ನಮ್ಮಯ ಕಣ್ಣಿಗೆ ಬರಿ
ಗಿಡದಲಿ ಬೆಕ್ಕಿನ ಮೊಗಗಳು ನಗುತಿವೆ ನೋಡೈ

ಹೊಸಮೊಗ್ಗು: ಆಹಾ!

ಮಳೆಬಿಲ್ಲು: ಆ ‘ಬಿಡು’ ಎಷ್ಟು ಸಲೀಸಾಗಿ ಕೂತಿದೆ! ಒಪ್ಪಿದೆ ರಾಯರೇ. ನನ್ನ ‘ದ’ ಮಾತ್ರ ಲಘುವೇ.

ಲಘುಗುರು: ಗುರು.