ಸೇನೆಗೆ ಬಿಡಿಭಾಗ ಮಾಡುವ ಕಾರ್ಖಾನೆ ಪಕ್ಕದ ಬಾವಿಗಳು: ಯಾವ ಪರೀಕ್ಷೆ ಮಾಡಿಸಬೇಕು?

ಹಳ್ಳದಂಚು:
ಶಿವಮೊಗ್ಗದ ಹೊರವಲಯ. ಊರಿನ ಮೇಲ್ಭಾಗದ ಘಟಕದಲ್ಲಿ ಸೇನೆಗೆ ಹೋಗುವ ಬಿಡಿಭಾಗಗಳಿಗೆ ಕ್ರೋಮ್ ಪ್ಲೇಟಿಂಗ್ ಆಗುತ್ತದೆ. ಕೆಳಗೆ ಹಳ್ಳ, ಅಡಿಕೆ ತೋಟ, ಮನೆ ಬಾವಿಗಳು. ಬಾವಿ ನೀರು ಕೆಂಪಾಗಿದೆ. ಕೇಳಿದರೆ ‘ರಕ್ಷಣಾ ವಿಷಯ, ಮಾಹಿತಿ ಕೊಡಲಾಗದು’ ಅಂತಾರೆ. ಏನು ಪರೀಕ್ಷೆ ಮಾಡಿಸಬೇಕು, ಯಾರನ್ನು ಕೇಳಬೇಕು?

ಜಂಬಿಟ್ಟಿಗೆ:
ಕೆಂಪು ಕಂಡ ಮಾತ್ರಕ್ಕೆ ಕಾರ್ಖಾನೆಯದೇ ಅನ್ನಬೇಡಿ. ಜಂಬಿಟ್ಟಿಗೆ ನೆಲದ ಬಾವಿಯಲ್ಲಿ ಕಬ್ಬಿಣ ಸಹಜ, ಕೊಡದಲ್ಲಿ ರಾತ್ರಿ ಇಟ್ಟರೆ ತಳದಲ್ಲಿ ಕೆಂಪು ಗಸಿ ಕೂರುತ್ತದೆ. ಭಯಪಡಬೇಕಾದ್ದು ಹೆಕ್ಸಾವೇಲೆಂಟ್ ಕ್ರೋಮಿಯಂಗೆ (ಕ್ರೋಮಿಯಂನ ವಿಷಕಾರಿ ರೂಪ, ಚಿಕ್ಕದಾಗಿ ಹೆಕ್ಸಾ). ತುಂಬಾ ಇದ್ದರೆ ನೀರು ಹಳದಿ, ಮಿತಿಯ ಆಸುಪಾಸಲ್ಲಿ ಬಣ್ಣವೇ ಇರುವುದಿಲ್ಲ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500ರ ಪ್ರಕಾರ ಲೀಟರಿಗೆ ಒಟ್ಟು ಕ್ರೋಮಿಯಂ 0.05 ಮಿಲಿಗ್ರಾಂ, ನಿಕಲ್ 0.02, ಕ್ಯಾಡ್ಮಿಯಂ 0.003, ಸಯನೈಡ್ 0.05 ಮೀರಬಾರದು. ಈ ನಾಲ್ಕರ ಜೊತೆ ಹೆಕ್ಸಾ ಮತ್ತು ಪಿಎಚ್ ಬರೆಸಿ.

ಎಡವುವುದು ಬಾಟಲಿಯಲ್ಲಿ. ಲೋಹಗಳ ಬಾಟಲಿಗೆ ಲ್ಯಾಬಿನವರು ನೈಟ್ರಿಕ್ ಆಮ್ಲ ಹಾಕಿಕೊಡುತ್ತಾರೆ. ಹೆಕ್ಸಾಕ್ಕೂ ಅದನ್ನೇ ಬಳಸಿದರೆ ಅದು ಬೇರೆ ರೂಪಕ್ಕೆ ತಿರುಗಿ ವರದಿಯಲ್ಲಿ ಕಡಿಮೆ ಕಾಣುತ್ತದೆ. ಆಮ್ಲವಿಲ್ಲದ ಪ್ಲಾಸ್ಟಿಕ್ ಬಾಟಲಿ, ಐಸ್ ಪೆಟ್ಟಿಗೆ, 24 ಗಂಟೆಯೊಳಗೆ ಲ್ಯಾಬು. ಸಯನೈಡ್ ಬಾಟಲಿಗೆ ಕ್ಷಾರ ಬೇಕು. ಅದಕ್ಕೆ ಆಮ್ಲ ತಾಗಿದರೆ ವಿಷಾನಿಲ ಏಳುತ್ತದೆ, ಮನೆಯಲ್ಲಿ ಬೆರೆಸಲು ಹೋಗಲೇಬೇಡಿ.

ಘಟಕಕ್ಕಿಂತ ಮೇಲಿರುವ ಒಂದು ಬಾವಿಯ ನೀರೂ ಇರಲಿ, ಇಲ್ಲದಿದ್ದರೆ ಹೋಲಿಕೆಗೆ ಏನೂ ಇಲ್ಲ. ಮೇ ಕೊನೆಯಲ್ಲಿ ಒಮ್ಮೆ, ಮೃಗಶಿರ ಮಳೆಯ ಮೊದಲ ಹೊಡೆತಕ್ಕೆ ಅಂಗಳದ ಕೆಸರು ಹಳ್ಳಕ್ಕಿಳಿದಾಗ ಇನ್ನೊಮ್ಮೆ. ಆಷಾಢದ ತುಂಬಿದ ಬಾವಿಯಲ್ಲಿ ಎಲ್ಲವೂ ತೆಳುವಾಗಿರುತ್ತದೆ, ಆಗಿನ ಒಳ್ಳೆ ವರದಿ ನಂಬಲಾಗದು.

ಕಡತ:
ನೀವು ತೆಗೆದ ನೀರು ನಿಮಗೆ ತಿಳಿಯಲಿಕ್ಕೆ. ಘಟಕದ ಮೇಲೆ ಕೇಸು ನಿಲ್ಲಬೇಕಾದರೆ 1974ರ ಜಲ ಕಾಯ್ದೆಯ 21ನೇ ಕಲಮಿನಂತೆ ಮಾಲಿನ್ಯ ನಿಯಂತ್ರಣ ಮಂಡಳಿಯವರೇ ನೋಟಿಸು ಕೊಟ್ಟು, ಘಟಕದವರ ಎದುರೇ ತ್ಯಾಜ್ಯ ನೀರಿನ ಮಾದರಿಯನ್ನು ಎರಡು ಪಾಲು ಮಾಡಿ ಸೀಲು ಹಾಕಬೇಕು. ಅದಕ್ಕೆ ಮಂಡಳಿಯ ಶಿವಮೊಗ್ಗ ಕಚೇರಿಗೆ ಬರಹದಲ್ಲಿ ದೂರು ಕೊಟ್ಟು ಸ್ವೀಕೃತಿ ತಗೊಳ್ಳಿ.

ಮಾಹಿತಿ ಹಕ್ಕು ಅರ್ಜಿ ಹಾಕುವಾಗ ಏನು ತಯಾರಾಗುತ್ತದೆ ಅಂತ ಕೇಳಬೇಡಿ, ಅಲ್ಲೇ ದೇಶದ ಭದ್ರತೆಯ ವಿನಾಯಿತಿ ಕೊಡುವ 8(1)(ಎ) ಕಲಮು ತೋರಿಸಿ ಮುಚ್ಚುತ್ತಾರೆ. ಮಂಡಳಿ ಘಟಕಕ್ಕೆ ಕೊಟ್ಟ ಸಮ್ಮತಿ ಪತ್ರ, ಅದರ ಷರತ್ತು, ಮಂಡಳಿಯ ವಿಶ್ಲೇಷಣಾ ವರದಿ, ಇಷ್ಟೇ ಕೇಳಿ. ಗುಟ್ಟಿನ ಸಾಲುಗಳಿದ್ದರೆ ಮಾಹಿತಿ ಹಕ್ಕು ಕಾಯ್ದೆಯ 10ನೇ ಕಲಮಿನಂತೆ ಅಳಿಸಿ ಉಳಿದದ್ದು ಕೊಡಬೇಕು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠಕ್ಕೆ ಹೋಗುವುದಾದರೆ ಆರು ತಿಂಗಳ ಗಡುವು ನೆನಪಿರಲಿ.

ಹಳ್ಳದಂಚು:
ವರದಿ ಬರುವವರೆಗೆ ಕಾಯಿಸಿ ಕುಡಿಯಬಹುದಾ?

ಜಂಬಿಟ್ಟಿಗೆ:
ಬೇಡ. ಕಾಯಿಸಿದರೆ ನೀರು ಆರಿ ಉಳಿದ ನೀರಲ್ಲಿ ಲೋಹದ ಪ್ರಮಾಣ ಇನ್ನಷ್ಟು ಹೆಚ್ಚುತ್ತದೆ. ಕ್ಯಾಂಡಲ್ ಫಿಲ್ಟರ್ ಹಿಡಿಯುವುದಿಲ್ಲ, ಆರ್‌ಓ ಬಹುಪಾಲು ಹಿಡಿಯುತ್ತದೆ. ಅದು ಹೊರಗೆ ಬಿಡುವ ನೀರನ್ನು ಬಸಳೆ ಚಪ್ಪರಕ್ಕೆ ಬಿಡಬೇಡಿ.