ಮನೆಯ ನ್ಯಾಸ್ ಪೆಟ್ಟಿಗೆಯನ್ನು ಝಡ್ ಡ್ರೈವ್ ಆಗಿ ಸ್ಥಿರವಾಗಿ ಉಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ – ನವನಗರ, ಬಾಗಲಕೋಟೆ

ಎಲ್ಲರಿಗೂ ನಮಸ್ಕಾರ. ಆಲಮಟ್ಟಿ ಜಲಾಶಯದ ಹಿನ್ನೀರಿನಲ್ಲಿ ಮುಳುಗಿಹೋದ ಹಳೆ ಬಾಗಲಕೋಟೆಯ ಓಣಿಗಳ, ಮನೆಗಳ, ಅಂಗಡಿಸಾಲುಗಳ ನೆಗೆಟಿವ್‌ಗಳು ನಮ್ಮ ತಂದೆಯವರ ಸಂಗ್ರಹದಲ್ಲಿವೆ. ಅವನ್ನೆಲ್ಲ ಸ್ಕ್ಯಾನ್ ಮಾಡಿ ಉಳಿಸುವ ಕೆಲಸದಲ್ಲಿ ತೊಡಗಿದ್ದೇನೆ. ಒಂದೊಂದು ಟಿಫ್ ಫೈಲ್ 100 ಎಂಬಿ ದಾಟುವುದರಿಂದ ಕಂಪ್ಯೂಟರಿನ ಡಿಸ್ಕ್ ಸಾಲದೆ, ಎರಡು ಹಾರ್ಡ್ ಡಿಸ್ಕ್ ಹಿಡಿಸುವ ನ್ಯಾಸ್ ಪೆಟ್ಟಿಗೆಯೊಂದನ್ನು (ಮನೆಯ ಕಂಪ್ಯೂಟರುಗಳೆಲ್ಲ ನೆಟ್‌ವರ್ಕ್ ಮೂಲಕ ಬಳಸಬಹುದಾದ ಸಂಗ್ರಹ ಸಾಧನ) ತಂದು ರೌಟರಿಗೆ ಕೇಬಲ್ ಮೂಲಕ ಜೋಡಿಸಿದ್ದೇನೆ. ಫೋಟೊಗಳ ವಿವರ ಬರೆದಿಡುವ ನನ್ನ ಹಳೆಯ ಸಾಫ್ಟ್‌ವೇರ್ ನೆಟ್‌ವರ್ಕ್ ವಿಳಾಸವನ್ನು ನೇರವಾಗಿ ಒಪ್ಪುವುದಿಲ್ಲ, ಅದಕ್ಕೆ ಡ್ರೈವ್ ಅಕ್ಷರವೇ ಬೇಕು. ಆದ್ದರಿಂದ ಪೆಟ್ಟಿಗೆಯ ಫೋಟೊ ಫೋಲ್ಡರನ್ನು ಝಡ್ ಡ್ರೈವ್ ಎಂದು ಮ್ಯಾಪ್ ಮಾಡಿದ್ದೇನೆ, ಅಂದರೆ ಅದಕ್ಕೆ ಝಡ್ ಎಂಬ ಡ್ರೈವ್ ಅಕ್ಷರ ಕೊಟ್ಟಿದ್ದೇನೆ.

ತೊಂದರೆ ಮೂರು ಬಗೆಯದು. ಕರೆಂಟ್ ಹೋಗಿ ಬಂದ ಮೇಲೆ ವಿಂಡೋಸ್ 10 ಇರುವ ಡೆಸ್ಕ್‌ಟಾಪಿನಲ್ಲಿ ಝಡ್ ಡ್ರೈವಿನ ಮೇಲೆ ಕೆಂಪು ಕತ್ತರಿ ಗುರುತು ಬೀಳುತ್ತದೆ; ಕೆಲವು ಸಲ ಅದರ ಮೇಲೆ ಕ್ಲಿಕ್ ಮಾಡಿದರೆ ತೆರೆಯುತ್ತದೆ, ಕೆಲವು ಸಲ 53ನೇ ದೋಷ ತೋರಿಸಿ ನಿಲ್ಲುತ್ತದೆ. ಎರಡನೆಯದಾಗಿ, ವಿಂಡೋಸ್ 11 ಪ್ರೊ ಇರುವ ಮಗಳ ಹೊಸ ಲ್ಯಾಪ್‌ಟಾಪಿನಲ್ಲಿ ಅದೇ ಫೋಲ್ಡರ್ ತೆರೆಯಲು ಹೋದರೆ, ನಿಮ್ಮ ಸಂಸ್ಥೆಯ ಭದ್ರತಾ ನೀತಿಯು ಅತಿಥಿ ಪ್ರವೇಶವನ್ನು ತಡೆದಿದೆ ಎಂಬ ಅರ್ಥದ ಸೂಚನೆ ಬರುತ್ತದೆ. ಅದು ಮನೆಯ ಲ್ಯಾಪ್‌ಟಾಪ್, ಯಾವ ಸಂಸ್ಥೆಗೂ ಸೇರಿದ್ದಲ್ಲ. ಮೂರನೆಯದಾಗಿ, ಅದೇ ಸಾಫ್ಟ್‌ವೇರನ್ನು ಅಡ್ಮಿನಿಸ್ಟ್ರೇಟರ್ ಆಗಿ ನಡೆಸಿದಾಗ ಝಡ್ ಡ್ರೈವ್ ಅದರ ಪಟ್ಟಿಯಲ್ಲಿ ಇರುವುದೇ ಇಲ್ಲ. ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ – ಟಿಳಕವಾಡಿ, ಬೆಳಗಾವಿ

ಮೊದಲಿಗೆ, ನೀವು ಹಿಡಿದಿರುವ ಕೆಲಸ ಬಹಳ ದೊಡ್ಡದು. ಅದು ಅರ್ಧಕ್ಕೆ ನಿಲ್ಲಬಾರದೆಂಬ ಕಾಳಜಿಯಿಂದಲೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಡ್ರೈವ್ ಅಕ್ಷರವೆಂಬುದು ಪೆಟ್ಟಿಗೆಯಲ್ಲಿರುವ ವಸ್ತುವಲ್ಲ. \\192.168.1.50\ಫೋಟೊ ಎಂಬಂಥ ಒಂದು ವಿಳಾಸಕ್ಕೆ ನಿಮ್ಮ ವಿಂಡೋಸ್ ಖಾತೆ ಇಟ್ಟುಕೊಂಡಿರುವ ಹೆಸರು ಮಾತ್ರ ಅದು. ಆ ವಿಳಾಸ ಬದಲಾದರೆ, ಅಥವಾ ಲಾಗಿನ್ ಆಗುವ ಹೊತ್ತಿಗೆ ಆ ವಿಳಾಸದಲ್ಲಿ ಯಾರೂ ಓಗೊಡದಿದ್ದರೆ, ಹೆಸರು ಉಳಿಯುತ್ತದೆ, ಸಂಪರ್ಕ ಉಳಿಯುವುದಿಲ್ಲ. ನಿಮ್ಮ ಮೊದಲ ತೊಂದರೆಯಲ್ಲಿ ಈ ಎರಡೂ ಕಾರಣಗಳು ಬೆರೆತಿವೆ ಎಂದು ತೋರುತ್ತದೆ, ಏಕೆಂದರೆ ಕ್ಲಿಕ್ ಮಾಡಿದಾಗ ತೆರೆಯುವುದು ಬೇರೆ ಲಕ್ಷಣ, 53ನೇ ದೋಷ ಬೇರೆ ಲಕ್ಷಣ.

53ನೇ ದೋಷವೆಂದರೆ ಆ ನೆಟ್‌ವರ್ಕ್ ದಾರಿ ಸಿಗಲಿಲ್ಲ ಎಂದರ್ಥ. ಕರೆಂಟ್ ಬಂದಾಗ ರೌಟರ್, ಪೆಟ್ಟಿಗೆ, ಕಂಪ್ಯೂಟರ್ ಮೂರೂ ಹೊಸದಾಗಿ ಏಳುತ್ತವೆ, ಆಗ ರೌಟರ್ ಪೆಟ್ಟಿಗೆಗೆ ಹಿಂದಿನ ಐಪಿ ವಿಳಾಸವನ್ನೇ (ನೆಟ್‌ವರ್ಕಿನಲ್ಲಿ ಸಾಧನವನ್ನು ಗುರುತಿಸುವ ಅಂಕಿಗಳನ್ನೇ) ಕೊಡುತ್ತದೆಂಬ ಭರವಸೆ ಇಲ್ಲ. ನಿನ್ನೆಯವರೆಗೆ 192.168.1.50ರಲ್ಲಿದ್ದ ಪೆಟ್ಟಿಗೆ ಇಂದು 192.168.1.60ಕ್ಕೆ ಹೋಗಿ, 50 ಯಾರದೋ ಮೊಬೈಲಿಗೆ ಸಿಕ್ಕಿರಬಹುದು. ಆದ್ದರಿಂದ ರೌಟರಿನ ಸೆಟ್ಟಿಂಗ್ಸ್ ಪುಟ ತೆರೆದು, ಡಿಎಚ್‌ಸಿಪಿ (ಸಾಧನಗಳಿಗೆ ವಿಳಾಸ ಹಂಚುವ) ವಿಭಾಗದಲ್ಲಿ ಅಡ್ರೆಸ್ ರಿಸರ್ವೇಶನ್ ಎಂಬ ಆಯ್ಕೆಯಡಿ, ಪೆಟ್ಟಿಗೆಯ ಮ್ಯಾಕ್ ವಿಳಾಸಕ್ಕೆ (ತಯಾರಕರೇ ಕೊಟ್ಟ ಗುರುತಿನ ಸಂಖ್ಯೆಗೆ) ಒಂದು ಐಪಿಯನ್ನು ಕಾಯಂ ಮಾಡಿರಿ. ಮ್ಯಾಕ್ ವಿಳಾಸವನ್ನು ಸಾಮಾನ್ಯವಾಗಿ ಪೆಟ್ಟಿಗೆಯ ಹಿಂಬದಿಯ ಅಥವಾ ತಳದ ಚೀಟಿಯಲ್ಲಿ ಮುದ್ರಿಸಿರುತ್ತಾರೆ. ಪೆಟ್ಟಿಗೆಯೊಳಗೇ ಸ್ಥಿರ ವಿಳಾಸ ಬರೆಯುವುದೂ ಸಾಧ್ಯ, ಆದರೆ ರೌಟರ್ ಹಂಚುವ ವಿಳಾಸಗಳ ಸಾಲಿನೊಳಗೆ ಅದು ಬಿದ್ದರೆ ಎರಡು ಸಾಧನಗಳಿಗೆ ಒಂದೇ ವಿಳಾಸವಾಗಿ ಜಗಳ ಹುಟ್ಟುತ್ತದೆ. ನನ್ನ ಮತ ರೌಟರಿನಲ್ಲಿ ಮಾಡುವುದರ ಕಡೆಗೇ.

ಇನ್ನು ಕ್ಲಿಕ್ ಮಾಡಿದಾಗ ತೆರೆಯುವ ಕೆಂಪು ಕತ್ತರಿ. ಎಸ್‌ಎಸ್‌ಡಿ ಇರುವ ಕಂಪ್ಯೂಟರ್ ಬೇಗ ಏಳುತ್ತದೆ, ಹಾರ್ಡ್ ಡಿಸ್ಕ್ ತಿರುಗಿಸಿ ಪರೀಕ್ಷಿಸಿಕೊಳ್ಳುವ ಪೆಟ್ಟಿಗೆ ಕೆಲವು ನಿಮಿಷ ತೆಗೆದುಕೊಳ್ಳುತ್ತದೆ. ವಿಂಡೋಸ್ ಕೂಗಿದಾಗ ಅದು ಇನ್ನೂ ಎದ್ದಿರುವುದಿಲ್ಲ. ಇದರಿಂದ ಫೋಟೊಗಳಿಗೆ ಏನೂ ಅಪಾಯವಿಲ್ಲ. ಆದರೂ ನಿಮ್ಮ ಸಾಫ್ಟ್‌ವೇರ್ ತಾನಾಗಿ ಆರಂಭವಾಗುವಂತಿದ್ದರೆ ಅದನ್ನು ನಿಲ್ಲಿಸಿ, ಫೈಲ್ ಎಕ್ಸ್‌ಪ್ಲೋರರಿನಲ್ಲಿ ಝಡ್ ತೆರೆದ ಬಳಿಕವೇ ಶುರುಮಾಡಿರಿ. ಕರೆಂಟ್ ಬಂದೊಡನೆ ತಾನಾಗಿ ಚಾಲೂ ಆಗುವ ಆಯ್ಕೆಯೂ ಪೆಟ್ಟಿಗೆಯ ಪವರ್ ಸೆಟ್ಟಿಂಗ್ಸಿನಲ್ಲಿ ಬಹುತೇಕ ಇರುತ್ತದೆ.

ವಿಳಾಸ ಕಾಯಂ ಆದ ಮೇಲೆ ಹಳೆಯ ಝಡ್ ಮೇಲೆ ಬಲ ಕ್ಲಿಕ್ ಮಾಡಿ ಡಿಸ್ಕನೆಕ್ಟ್ ಕೊಟ್ಟು, ಹೊಸದಾಗಿ ಮ್ಯಾಪ್ ಮಾಡಿರಿ. ದಿಸ್ ಪಿಸಿ ತೆರೆದು ಮ್ಯಾಪ್ ನೆಟ್‌ವರ್ಕ್ ಡ್ರೈವ್ ಆರಿಸಿ, ಅಕ್ಷರ ಝಡ್ ಎಂದಿಟ್ಟು, ಐಪಿ ಸಹಿತ ವಿಳಾಸ ಬರೆದು, ರೀಕನೆಕ್ಟ್ ಅಟ್ ಸೈನ್-ಇನ್ ಎಂಬಲ್ಲಿ ಗುರುತು ಹಾಕಬೇಕು. ವಿಂಡೋಸ್ 11ರಲ್ಲಿ ಈ ಆಯ್ಕೆ ಮೇಲಿನ ಪಟ್ಟಿಯ ಮೂರು ಚುಕ್ಕೆಗಳ ಒಳಗೆ ಅಡಗಿರುತ್ತದೆ. ಅಂದಹಾಗೆ, ನೀವು ಝಡ್ ಆರಿಸಿದ್ದು ಒಳ್ಳೆಯದು. ಪೆನ್‌ಡ್ರೈವ್, ಕ್ಯಾಮೆರಾ ಕಾರ್ಡ್‌ಗಳಿಗೆ ವಿಂಡೋಸ್ ಸಿ ನಂತರದ ಖಾಲಿ ಅಕ್ಷರಗಳನ್ನು ಮುಂದಿನಿಂದ ಹಂಚುತ್ತ ಬರುವುದರಿಂದ ಕೊನೆಯ ಅಕ್ಷರಕ್ಕೆ ಪೈಪೋಟಿ ಕಡಿಮೆ.

ಉತ್ತರ – ವಿಜಯಪುರ

ಎರಡನೆಯ ತೊಂದರೆಗೆ ಉತ್ತರಿಸುತ್ತೇನೆ. ಸಂಸ್ಥೆ ಎಂಬ ಮಾತಿಗೆ ಗಾಬರಿಯಾಗಬೇಡಿರಿ, ಮನೆಯ ಕಂಪ್ಯೂಟರಿಗೂ ವಿಂಡೋಸ್ ಅದೇ ಸೂಚನೆ ಕೊಡುತ್ತದೆ. ನಿಮ್ಮ ಪೆಟ್ಟಿಗೆಯ ಫೋಟೊ ಫೋಲ್ಡರ್ ಪಾಸ್‌ವರ್ಡ್ ಇಲ್ಲದೆ, ಅತಿಥಿಗಳಿಗೂ ತೆರೆದಂತೆ ಹಂಚಿಕೆಯಾಗಿದೆ. ವಿಂಡೋಸ್ 11 ಪ್ರೊದ ಹೊಸ ಆವೃತ್ತಿಗಳು ಅಂಥ ಅತಿಥಿ ಪ್ರವೇಶವನ್ನು ಮೊದಲಿನಿಂದಲೇ ಮುಚ್ಚಿಟ್ಟಿರುತ್ತವೆ. 2024ರ 24ಎಚ್2 ಆವೃತ್ತಿಯಲ್ಲಿ ಇದರ ಜೊತೆಗೆ ಎಸ್‌ಎಂಬಿ (ನೆಟ್‌ವರ್ಕಿನಲ್ಲಿ ಫೈಲು ಹಂಚಲು ವಿಂಡೋಸ್ ಬಳಸುವ ವಿಧಾನ) ಸಂದೇಶಗಳಿಗೆ ಡಿಜಿಟಲ್ ಸಹಿಯೂ ಕಡ್ಡಾಯವಾಯಿತು. ಅತಿಥಿ ಸಂಪರ್ಕಕ್ಕೆ ಸಹಿ ಹಾಕಲು ಪಾಸ್‌ವರ್ಡೇ ಇರುವುದಿಲ್ಲವಾದ್ದರಿಂದ ಅದು ಅಲ್ಲಿಗೇ ನಿಲ್ಲುತ್ತದೆ.

ಅತಿಥಿ ಪ್ರವೇಶವನ್ನು ವಿಂಡೋಸಿನಲ್ಲಿ ಮತ್ತೆ ತೆರೆಯುವ ಉಪಾಯಗಳು ಅಂತರ್ಜಾಲದಲ್ಲಿ ಬೇಕಾದಷ್ಟು ಸಿಗುತ್ತವೆ. ದಯವಿಟ್ಟು ಆ ದಾರಿ ಹಿಡಿಯಬೇಡಿರಿ. ಪೆಟ್ಟಿಗೆಯ ಆಡಳಿತ ಪುಟದಲ್ಲಿ ನಿಮಗೊಂದು, ಮಗಳಿಗೊಂದು ಬಳಕೆದಾರ ಖಾತೆ ಮಾಡಿ, ಫೋಟೊ ಫೋಲ್ಡರಿಗೆ ನಿಮಗೆ ಬರೆಯುವ ಹಕ್ಕು, ಮಗಳಿಗೆ ಸದ್ಯ ಓದುವ ಹಕ್ಕು ಮಾತ್ರ ಕೊಟ್ಟು, ಅತಿಥಿ ಖಾತೆಯನ್ನು ಮುಚ್ಚಿರಿ. ಮ್ಯಾಪ್ ಮಾಡುವಾಗ ಕನೆಕ್ಟ್ ಯೂಸಿಂಗ್ ಡಿಫರೆಂಟ್ ಕ್ರೆಡೆನ್ಶಿಯಲ್ಸ್ ಎಂಬಲ್ಲಿ ಗುರುತು ಹಾಕಿ ಪೆಟ್ಟಿಗೆಯ ಖಾತೆಯ ಹೆಸರು, ಪಾಸ್‌ವರ್ಡ್ ಕೊಡಬೇಕು. ಲ್ಯಾಪ್‌ಟಾಪ್ ತೆರೆಯುವ ಪಿನ್ ಇಲ್ಲಿ ನಡೆಯುವುದಿಲ್ಲ.

ಹಾಗೆಯೇ ಯಾರಾದರೂ ಎಸ್‌ಎಂಬಿ 1 (ಅದರ ಹಳೆಯ ಆವೃತ್ತಿ) ಚಾಲೂ ಮಾಡಿ ಎಂದು ಸಲಹೆ ಕೊಟ್ಟರೆ ಒಪ್ಪಬೇಡಿರಿ. 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಆಸ್ಪತ್ರೆ, ಕಚೇರಿಗಳ ಕಂಪ್ಯೂಟರುಗಳನ್ನು ಕೆಡಿಸಿದ ವಾನಾಕ್ರೈ ಎಂಬ ದುಷ್ಟ ತಂತ್ರಾಂಶ ಹರಡಿದ್ದು ಅದೇ ಹಳೆಯ ವ್ಯವಸ್ಥೆಯ ದೋಷದ ಮೂಲಕ. ಪೆಟ್ಟಿಗೆಯ ಸೆಟ್ಟಿಂಗ್ಸಿನಲ್ಲಿ ಕನಿಷ್ಠ ಆವೃತ್ತಿ ಎಸ್‌ಎಂಬಿ 2, ಗರಿಷ್ಠ 3 ಎಂದಿಟ್ಟರೆ ನಿಮ್ಮ ಎರಡೂ ಕಂಪ್ಯೂಟರುಗಳಿಗೆ ಸಾಕು.

ಪ್ರಶ್ನೆ ಕೇಳಿದವರು – ನವನಗರ, ಬಾಗಲಕೋಟೆ

ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ವಿಳಾಸ ಕಾಯಂ ಮಾಡಿ, ಖಾತೆಗಳನ್ನು ತೆರೆದೆ. ಮಗಳ ಲ್ಯಾಪ್‌ಟಾಪಿನಲ್ಲಿ ಫೋಲ್ಡರ್ ಕೂಡಲೇ ತೆರೆಯಿತು. ಡೆಸ್ಕ್‌ಟಾಪಿನಲ್ಲಿ ಮಾತ್ರ ಹೊಸ ಹೆಸರು ಕೊಟ್ಟರೆ 1219ನೇ ದೋಷ ಬರುತ್ತಿದೆ. ಅಡ್ಮಿನಿಸ್ಟ್ರೇಟರ್ ವಿಷಯವೂ ಹಾಗೆಯೇ ಉಳಿದಿದೆ. ಇನ್ನೊಂದು ಸಂದೇಹವೆಂದರೆ, ಫೋಟೊಗಳಿಗೆ ಓಣಿ, ಮನೆತನ, ವರ್ಷ ಎಲ್ಲ ಸೇರಿಸಿ ಕನ್ನಡದಲ್ಲೇ ಉದ್ದನೆಯ ಹೆಸರು ಕೊಡಬೇಕೆಂದಿದ್ದೇನೆ. ಪೆಟ್ಟಿಗೆಯಲ್ಲಿ ಅವು ಕೆಡದೆ ಉಳಿಯುತ್ತವೆಯೇ?

ಉತ್ತರ – ಟಿಳಕವಾಡಿ, ಬೆಳಗಾವಿ

ಒಂದೇ ಪೆಟ್ಟಿಗೆಗೆ ಒಬ್ಬ ವಿಂಡೋಸ್ ಬಳಕೆದಾರ ಏಕಕಾಲಕ್ಕೆ ಎರಡು ಬೇರೆ ಹೆಸರಿನಲ್ಲಿ ಸಂಪರ್ಕಿಸುವಂತಿಲ್ಲ ಎಂಬುದೇ 1219ರ ಅರ್ಥ. ಹಳೆಯ ಅತಿಥಿ ಸಂಪರ್ಕ ಇನ್ನೂ ಹಿನ್ನೆಲೆಯಲ್ಲಿ ಜೀವಂತವಾಗಿದೆ. ಕಮಾಂಡ್ ಪ್ರಾಂಪ್ಟ್ ತೆರೆದು ನೆಟ್ ಯೂಸ್ ಎಂಬ ಎರಡು ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿದರೆ ಸಂಪರ್ಕಗಳ ಪಟ್ಟಿ ಬರುತ್ತದೆ. ನೆಟ್ ಯೂಸ್ ಬರೆದು, ನಕ್ಷತ್ರ ಚಿಹ್ನೆ ಹಾಕಿ, ಓರೆಗೆರೆಯ ಮುಂದೆ ಡಿಲೀಟ್ ಎಂದು ಕೊಟ್ಟರೆ ಎಲ್ಲವೂ ಕಡಿದುಹೋಗುತ್ತವೆ. ಇದು ಸಂಪರ್ಕವನ್ನಷ್ಟೇ ಅಳಿಸುತ್ತದೆ, ಫೈಲುಗಳನ್ನಲ್ಲ. ಬಳಿಕ ಕಂಟ್ರೋಲ್ ಪ್ಯಾನೆಲಿನ ಕ್ರೆಡೆನ್ಶಿಯಲ್ ಮ್ಯಾನೇಜರಿನಲ್ಲಿ ಆ ಐಪಿಯ ಹೆಸರಿನಲ್ಲಿ ಉಳಿದಿರುವ ಹಳೆಯ ದಾಖಲೆಯನ್ನೂ ತೆಗೆದು, ಸೈನ್ ಔಟ್ ಆಗಿ ಮತ್ತೆ ಒಳಬಂದು ಮ್ಯಾಪ್ ಮಾಡಿರಿ.

ಅಡ್ಮಿನಿಸ್ಟ್ರೇಟರ್ ಆಗಿ ನಡೆಸಿದ ಪ್ರೋಗ್ರಾಮಿಗೆ ವಿಂಡೋಸ್ ಬೇರೆಯೇ ಲಾಗಿನ್ ಅಧಿವೇಶನ ಕೊಡುತ್ತದೆ, ಸಾಮಾನ್ಯ ಅಧಿವೇಶನದಲ್ಲಿ ಮ್ಯಾಪ್ ಮಾಡಿದ ಅಕ್ಷರಗಳು ಅಲ್ಲಿ ಇರುವುದಿಲ್ಲ. ರಿಜಿಸ್ಟ್ರಿಯಲ್ಲಿ (ವಿಂಡೋಸಿನ ಒಳ ಸೆಟ್ಟಿಂಗ್ಸ್ ಭಂಡಾರದಲ್ಲಿ) ಎನೇಬಲ್‌ಲಿಂಕ್ಡ್‌ಕನೆಕ್ಷನ್ಸ್ ಎಂಬ ಮೌಲ್ಯ ಸೇರಿಸಿ ಇದನ್ನು ಸರಿಪಡಿಸಬಹುದಾದರೂ, ಫೋಟೊಗಳ ವಿವರ ಬರೆಯುವ ಸಾಫ್ಟ್‌ವೇರಿಗೆ ಅಷ್ಟು ಅಧಿಕಾರ ಏಕೆ ಬೇಕೆಂಬುದನ್ನು ಮೊದಲು ನೋಡಬೇಕು. ಹಳೆಯ ಸಾಫ್ಟ್‌ವೇರುಗಳು ತಮ್ಮ ಡೇಟಾವನ್ನು ಪ್ರೋಗ್ರಾಮ್ ಫೈಲ್ಸ್ ಫೋಲ್ಡರಿನಲ್ಲೇ ಬರೆಯಲು ಹೋಗುವುದರಿಂದ ಸಾಮಾನ್ಯವಾಗಿ ಈ ಅಗತ್ಯ ಬೀಳುತ್ತದೆ. ಅದನ್ನು ಬೇರೆ ಫೋಲ್ಡರಿನಲ್ಲಿ ಸ್ಥಾಪಿಸಿದರೆ ಅಡ್ಮಿನಿಸ್ಟ್ರೇಟರ್ ಹಂಗು ತಪ್ಪಬಹುದು.

ಕನ್ನಡ ಹೆಸರುಗಳು ಕೆಡುವುದಿಲ್ಲ, ಯುನಿಕೋಡ್‌ನಲ್ಲಿ ಬರೆದಿದ್ದರೆ ಸಾಕು. ಆದರೆ ಉದ್ದಕ್ಕೆ ಮಿತಿ ಇದೆ. ನ್ಯಾಸ್ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿರುವ ಇಎಕ್ಸ್‌ಟಿ4, ಬಿಟಿಆರ್‌ಎಫ್‌ಎಸ್ ಎಂಬ ಫೈಲು ವ್ಯವಸ್ಥೆಗಳೆರಡರಲ್ಲೂ ಒಂದು ಫೈಲಿನ ಹೆಸರು 255 ಬೈಟ್ ಮೀರುವಂತಿಲ್ಲ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಆದರೆ, ಕನ್ನಡದಲ್ಲಿ ಪ್ರತಿ ಮೂಲಾಕ್ಷರಕ್ಕೂ, ಪ್ರತಿ ಸ್ವರಚಿಹ್ನೆಗೂ, ಒತ್ತಕ್ಷರದೊಳಗಿನ ವಿರಾಮಕ್ಕೂ ಮೂರು ಮೂರು ಬೈಟ್. ಕಣ್ಣಿಗೆ ಐದೇ ಅಕ್ಷರವಾಗಿ ಕಾಣುವ ಬಾಗಲಕೋಟೆ 24 ಬೈಟ್ ತಿನ್ನುತ್ತದೆ. ಫೋಲ್ಡರನ್ನು ಎನ್‌ಕ್ರಿಪ್ಟ್ ಮಾಡಿದರೆ ಕೆಲವು ಪೆಟ್ಟಿಗೆಗಳಲ್ಲಿ ಮಿತಿ 143 ಬೈಟಿಗೆ ಇಳಿಯುತ್ತದೆ, ಅಂದರೆ ಕನ್ನಡದ 47 ಚಿಹ್ನೆಗಳು. ಓಣಿಯ ಹೆಸರನ್ನು ಫೋಲ್ಡರಿಗೆ ಕೊಟ್ಟು, ಫೈಲಿಗೆ ಮನೆತನ ಮತ್ತು ವರ್ಷ ಮಾತ್ರ ಇಡಿರಿ. ಉಳಿದ ವಿವರ ಸಾಫ್ಟ್‌ವೇರಿನಲ್ಲೇ ಇರಲಿ.

ಉತ್ತರ – ಜಮಖಂಡಿ

ಮೇಲಿನವರು ಹೇಳದೆ ಬಿಟ್ಟ ಒಂದು ಸಂಗತಿಯನ್ನು ಸೇರಿಸುವುದು ಅಗತ್ಯವೆನಿಸಿತು. ಝಡ್ ಡ್ರೈವ್ ನಿಮಗೆ ಎಷ್ಟು ಸುಲಭವಾಗಿ ತೆರೆಯುತ್ತದೋ, ಡೆಸ್ಕ್‌ಟಾಪಿಗೆ ಹೊಕ್ಕ ರ‍್ಯಾನ್ಸಮ್‌ವೇರಿಗೂ ಅಷ್ಟೇ ಸುಲಭವಾಗಿ ತೆರೆಯುತ್ತದೆ. ಬರೆಯುವ ಹಕ್ಕಿರುವ ಡ್ರೈವಿನಲ್ಲಿ ಅದು ಎಲ್ಲ ಫೈಲುಗಳಿಗೂ ಬೀಗ ಹಾಕಿ ಹಣ ಕೇಳಬಲ್ಲದು. ಎರಡು ಡಿಸ್ಕ್‌ಗಳಲ್ಲಿ ಒಂದೇ ಪ್ರತಿ ಇಡುವ ರೇಡ್ 1 ಇಲ್ಲಿ ಕೈಹಿಡಿಯುವುದಿಲ್ಲ, ಏಕೆಂದರೆ ಕೆಟ್ಟ ಫೈಲನ್ನೂ ಅದು ಅದೇ ಕ್ಷಣದಲ್ಲಿ ಎರಡೂ ಕಡೆ ಬರೆಯುತ್ತದೆ. ಒಂದು ಡಿಸ್ಕ್ ಸತ್ತರೆ ಇನ್ನೊಂದು ಉಳಿಯುತ್ತದೆ ಎಂಬಷ್ಟೇ ಅದರ ಉಪಯೋಗ. ಪೆಟ್ಟಿಗೆಯಲ್ಲಿ ಸ್ನ್ಯಾಪ್‌ಶಾಟ್ (ಹಿಂದಿನ ಸ್ಥಿತಿಗೆ ಮರಳಲು ಆಗಾಗ ತೆಗೆದಿಡುವ ಪ್ರತಿ) ಸೌಲಭ್ಯವಿದ್ದರೆ ಚಾಲೂ ಮಾಡಿರಿ. ಅದರ ಜೊತೆಗೆ, ಹೊರಗಿನ ಯುಎಸ್‌ಬಿ ಡಿಸ್ಕಿಗೆ ವಾರಕ್ಕೊಮ್ಮೆ ನಕಲಿಸಿ, ಕೆಲಸ ಮುಗಿದೊಡನೆ ಬಿಚ್ಚಿ, ಸಾಧ್ಯವಾದರೆ ಬೇರೆ ಊರಿನ ನೆಂಟರ ಮನೆಯಲ್ಲಿಡಿರಿ. ನೆಗೆಟಿವ್‌ಗಳಿಗೂ ವಯಸ್ಸಾಗುತ್ತಿರುವಾಗ ಮತ್ತೊಮ್ಮೆ ಸ್ಕ್ಯಾನ್ ಮಾಡುವ ಅವಕಾಶ ಸಿಗುತ್ತದೆಂದು ನಂಬಿ ಕೂರುವಂತಿಲ್ಲ.

ರೌಟರಿನಲ್ಲಿ ಫೈಲು ಹಂಚಿಕೆಯ ದ್ವಾರವಾದ 445ನೇ ಪೋರ್ಟನ್ನು ಯಾವ ಕಾರಣಕ್ಕೂ ಹೊರಗೆ ತೆರೆಯಬೇಡಿರಿ. ಊರಾಚೆಯಿಂದ ಝಡ್ ಬೇಕಾದರೆ ವಿಪಿಎನ್ (ಮನೆಯ ನೆಟ್‌ವರ್ಕಿಗೆ ಹೊರಗಿನಿಂದ ಬರುವ ಸುರಕ್ಷಿತ ದಾರಿ) ಮೂಲಕವೇ ಬರಬೇಕು.

ಪ್ರಶ್ನೆ ಕೇಳಿದವರು – ನವನಗರ, ಬಾಗಲಕೋಟೆ

ಕ್ರೆಡೆನ್ಶಿಯಲ್ ಮ್ಯಾನೇಜರಿನ ಹಳೆಯ ದಾಖಲೆ ತೆಗೆದ ಮೇಲೆ 1219 ಹೋಯಿತು. ಸಾಫ್ಟ್‌ವೇರನ್ನು ಡಿ ಡ್ರೈವಿನಲ್ಲಿ ಮತ್ತೆ ಸ್ಥಾಪಿಸಿದೆ; ಈಗ ಅಡ್ಮಿನಿಸ್ಟ್ರೇಟರ್ ಇಲ್ಲದೆಯೇ ನಡೆಯುತ್ತದೆ, ಪಟ್ಟಿಯಲ್ಲಿ ಝಡ್ ಕಾಣುತ್ತದೆ. ಆದರೆ 120 ಎಂಬಿಯ ಒಂದು ಫೈಲ್ ತೆರೆಯಲು ಹತ್ತು ಸೆಕೆಂಡಿಗೂ ಹೆಚ್ಚು ಹಿಡಿಯುತ್ತಿದೆ. ಇದು ಸಹಜವೇ?

ಉತ್ತರ – ಜಮಖಂಡಿ

ಸೆಕೆಂಡಿಗೆ ಸುಮಾರು 11 ಎಂಬಿ ಎಂದಾಯಿತು. ಎಲ್ಲೋ ಒಂದು ಕಡೆ ಜೋಡಣೆ 100 ಎಂಬಿಪಿಎಸ್‌ಗೆ ನಿಂತಿದೆ ಎಂಬುದಕ್ಕೆ ಇದೇ ಗುರುತು (ಎಂಬಿಪಿಎಸ್ ಎಂದರೆ ಸೆಕೆಂಡಿಗೆ ಮೆಗಾಬಿಟ್; ಎಂಟು ಬಿಟ್ ಸೇರಿ ಒಂದು ಬೈಟ್). ಅದರ ಹತ್ತು ಪಟ್ಟು ವೇಗದ ಗಿಗಾಬಿಟ್ ಆಗಿದ್ದರೆ ಅದೇ ಫೈಲ್ ಒಂದೆರಡು ಸೆಕೆಂಡಿನಲ್ಲಿ ಬರಬೇಕು. ರೌಟರಿನ ಲ್ಯಾನ್ ಪೋರ್ಟುಗಳು ಗಿಗಾಬಿಟ್ ಹೌದೋ ಅಲ್ಲವೋ ನೋಡಿರಿ. ಹೌದಾದರೆ ಕೇಬಲ್ ಪರೀಕ್ಷಿಸಿರಿ, ಏಕೆಂದರೆ ಗಿಗಾಬಿಟ್‌ಗೆ ನಾಲ್ಕೂ ಜೋಡಿ ತಂತಿಗಳು ಬೇಕು, ಒಂದು ಜೋಡಿ ಕಡಿದಿದ್ದರೂ ಸಂಪರ್ಕ 100ಕ್ಕೆ ಇಳಿದು ಸುಮ್ಮನೆ ನಡೆಯುತ್ತಿರಬಹುದು. ರೌಟರ್ ಹಳೆಯದಾಗಿದ್ದರೆ ಅದನ್ನು ಬದಲಿಸಬೇಕಿಲ್ಲ. ಒಂದು ಸಣ್ಣ ಗಿಗಾಬಿಟ್ ಸ್ವಿಚ್ ತಂದು, ಪೆಟ್ಟಿಗೆ ಮತ್ತು ಡೆಸ್ಕ್‌ಟಾಪ್ ಎರಡನ್ನೂ ಅದಕ್ಕೆ ಜೋಡಿಸಿ, ಅಲ್ಲಿಂದ ಒಂದು ಕೇಬಲ್ ರೌಟರಿಗೆ ಕೊಟ್ಟರೆ ಸಾಕು. ಐಪಿ ಬದಲಾಗದಿರುವುದರಿಂದ ಝಡ್ ಡ್ರೈವನ್ನು ಮತ್ತೆ ಮ್ಯಾಪ್ ಮಾಡುವ ಅಗತ್ಯವೂ ಬೀಳುವುದಿಲ್ಲ.